ವಿಂಡೋ ಅಂದ್ರೆ ಗಾಳಿಗಣ್ಣು

ಬಸ್ಸು ಹತ್ತಿದ ತಕ್ಷಣ ನಮಗೆಲ್ಲ ವಿಂಡೋ ಸೀಟೇ ಬೇಕು. ಯಾಕೆ? ಗಾಳಿ ಬರುತ್ತಲ್ವಾ. ತಮಾಷೆ ಅಂದ್ರೆ, ಆ ಪದದ ಒಳಗೇ ಗಾಳಿ ಇದೆ.

ಡೆನ್ಮಾರ್ಕ್, ನಾರ್ವೆ ಕಡೆಯ ಹಳೇ ಕಾಲದ ಕಡಲಿಗರಾದ ವೈಕಿಂಗರು ಆಡುತ್ತಿದ್ದ ಹಳೆಯ ನಾರ್ಸ್ ಭಾಷೆಯಲ್ಲಿ ‘ವಿಂದ್ರ್’ ಎಂದರೆ ಗಾಳಿ, ‘ಔಗ’ ಎಂದರೆ ಕಣ್ಣು. ಎರಡೂ ಸೇರಿ ‘ವಿಂದೌಗ’, ಗಾಳಿಗಣ್ಣು. ಇಂಗ್ಲಿಷಿನ ವಿಂಡೋ ಬಂದದ್ದು ಇದರಿಂದಲೇ. ಅವರ ಮನೆ ಹೇಗಿತ್ತು ಅಂತ ಸ್ವಲ್ಪ ನೆನೆಸಿಕೊಳ್ಳಿ. ಉದ್ದನೆಯ ಮರದ ಮನೆ, ನಡುವೆ ನೆಲದ ಮೇಲೇ ಉರಿಯುವ ಬೆಂಕಿ, ಚಿಮಣಿ ಇಲ್ಲ, ಹೊಗೆಯೆಲ್ಲ ಮಾಡಿನಲ್ಲಿ ಬಿಟ್ಟ ಕಿಂಡಿಯಿಂದಲೇ ಹೊರಗೆ ಹೋಗಬೇಕು. ನಮ್ಮ ಹಳೇ ಮನೆಗಳ ಬೆಳಕಿಂಡಿ ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ. ನಾವು ತೂತಿಗೆ ಬೆಳಕಿನ ಹೆಸರಿಟ್ಟೆವು, ಅವರು ಗಾಳಿಯ ಹೆಸರಿಟ್ಟರು, ಅಷ್ಟೇ.

ಸಂಸ್ಕೃತದಲ್ಲಿ ಕಣ್ಣಿನ ಹೆಸರೂ ಇದೆ, ಗಾಳಿಯ ಹೆಸರೂ ಇದೆ. ಗವಾಕ್ಷ ಎಂದರೆ ಹಸುವಿನ ಕಣ್ಣು, ವಾತಾಯನ ಎಂದರೆ ಗಾಳಿಯ ದಾರಿ. ಇವುಗಳನ್ನು ಯಾರೂ ಯಾರಿಂದಲೂ ಕದ್ದಿಲ್ಲ. ಆದರೆ ಬಿಡಿ ಪದಗಳು ನಿಜಕ್ಕೂ ನೆಂಟರು: ‘ವಾತ’ ಮತ್ತು ‘ವಿಂಡ್’, ಸಂಸ್ಕೃತ ಇಂಗ್ಲಿಷ್ ಎರಡೂ ಸೇರುವ ಇಂಡೋ-ಯುರೋಪಿಯನ್ ಭಾಷಾ ಕುಟುಂಬದ ಒಂದೇ ಬೇರಿನವು, ‘ಅಕ್ಷಿ’ ಮತ್ತು ಇಂಗ್ಲಿಷಿನ ‘ಐ’ ಕೂಡ ಹಾಗೇ.

ಜರ್ಮನ್ನರು ಮಾತ್ರ ರೋಮನ್ನರ ‘ಫೆನೆಸ್ಟ್ರಾ’ವನ್ನು ‘ಫೆನ್ಸ್ಟರ್’ ಮಾಡಿಕೊಂಡರು. ಜೊತೆಗೆ ಗೋಡೆಗೆ ‘ಮೌವರ್’, ಇಟ್ಟಿಗೆಗೆ ‘ಟ್ಸೀಗೆಲ್’ ಕೂಡ ಲ್ಯಾಟಿನ್‌ನಿಂದಲೇ ಬಂದವು. ಮನೆ ಕಟ್ಟುವ ಹೊಸ ರೀತಿ ಬಂದಾಗ ಅದರ ಪದಗಳೂ ಬರುತ್ತವೆ. ನಾವು ಸಿಮೆಂಟು, ಟೈಲ್ಸ್ ಅನ್ನುತ್ತೀವಲ್ಲ, ಹಾಗೆ. ನನಗೆ ಅಚ್ಚರಿ ತಂದದ್ದು ಐಸ್‌ಲ್ಯಾಂಡ್. ಹಳೆಯ ನಾರ್ಸ್‌ಗೆ ತುಂಬಾ ಹತ್ತಿರ ಉಳಿದಿರುವುದು ಅವರ ಭಾಷೆಯೇ, ಆದರೆ ಅವರು ದಿನಬಳಕೆಯಲ್ಲಿ ಕಿಟಕಿಗೆ ‘ಗ್ಲುಗ್ಗಿ’ ಅನ್ನುತ್ತಾರೆ! ಗಾಳಿಗಣ್ಣನ್ನು ಉಳಿಸಿಕೊಂಡವರು ಡೆನ್ಮಾರ್ಕ್, ನಾರ್ವೆಯವರು, ಮತ್ತೆ ಇಂಗ್ಲಿಷರು.

ಇಂಗ್ಲಿಷರಿಗೆ ಇದು ಸಿಕ್ಕಿದ್ದು ಕೊಳ್ಳೆ ಹೊಡೆಯಲು ಬಂದವರಿಂದ. 9ನೇ ಶತಮಾನದಲ್ಲಿ ವೈಕಿಂಗರು ಇಂಗ್ಲೆಂಡಿನ ಉತ್ತರ ಮತ್ತು ಪೂರ್ವ ಭಾಗಗಳಲ್ಲಿ ನೆಲೆ ನಿಂತು, ಹೊಲ ಉಳುತ್ತಾ, ಅಕ್ಕಪಕ್ಕದವರ ಜೊತೆ ಬೆರೆತರು. ಎಗ್, ಸ್ಕೈ ತರಹದ ಪದಗಳು ಇಂಗ್ಲಿಷಿಗೆ ಬಂದಿದ್ದು ಅವರಿಂದಲೇ. 13ನೇ ಶತಮಾನದ ಬರಹಗಳಲ್ಲಿ ವಿಂಡೋ ಕೂಡ ಕಾಣಿಸುತ್ತದೆ.

ಅದಕ್ಕೂ ಮುಂಚೆ ಇಂಗ್ಲಿಷಿನಲ್ಲಿ ಕಿಟಕಿಗೆ ಸ್ವಂತ ಪದವೇ ಇತ್ತು, ‘ಎಯಗ್‌ಥಿರ್ಲ್’. ‘ಥಿರ್ಲ್’ ಅಂದರೆ ತೂತು, ಒಟ್ಟಿಗೆ ಕಣ್ಣಿನ ತೂತು. ಆ ಪದ ಸತ್ತುಹೋಯಿತು. ಅದರ ಬಾಲ ಮಾತ್ರ ಬೇರೊಂದು ಕಡೆ ಬದುಕಿದೆ: ‘ನಾಸ್‌ಥಿರ್ಲ್’, ಮೂಗಿನ ತೂತು, ಇವತ್ತಿನ ನಾಸ್ಟ್ರಿಲ್.