ವಿಡಿಯೋ ಮೂಲಕ ಪುನಶ್ಚೇತನ ಚಿಕಿತ್ಸೆ: ಹಿರಿಯರಿಗೆ ತೊಡಕಾಗುವುದು ಎಲ್ಲಿ?

ಪಾರ್ಶ್ವವಾಯು, ಸೊಂಟದ ಮೂಳೆಮುರಿತ ಅಥವಾ ಮಂಡಿಕೀಲು ಬದಲಿ ಶಸ್ತ್ರಚಿಕಿತ್ಸೆಯ ನಂತರ ಫಿಸಿಯೋಥೆರಪಿಸ್ಟ್ ವಿಡಿಯೋ ಕರೆಯಲ್ಲೇ ವ್ಯಾಯಾಮ ಮಾಡಿಸುವ ಪದ್ಧತಿ 2020ರ ಕೋವಿಡ್ ಕಾಲದಿಂದೀಚೆಗೆ ವೇಗವಾಗಿ ಹರಡಿತು. ಹಿರಿಯರು ಅದನ್ನು ನಡುವೆಯೇ ಬಿಟ್ಟರೆ ‘ಅವರಿಗೆ ಮೊಬೈಲ್ ಬಳಸಲು ಬಾರದು’ ಎಂದು ಕಾರಣ ಕೊಡುವುದುಂಟು. ಇಷ್ಟನ್ನೇ ಹೇಳಿ ಬಿಟ್ಟರೆ ವಿಷಯದ ತಿರುಳು ತಪ್ಪಿಹೋಗುತ್ತದೆ, ಏಕೆಂದರೆ ದೊಡ್ಡ ತೊಡಕುಗಳು ಎದುರಾಗುವುದು ಕರೆ ಕೂಡಿದ ಮೇಲೆಯೇ.

ಕುರ್ಚಿಯಿಂದ ಎದ್ದು ನಿಲ್ಲುವ ವ್ಯಾಯಾಮವನ್ನೇ ನೋಡೋಣ. ತಲೆಯಿಂದ ಪಾದದವರೆಗೆ ಇಡೀ ದೇಹ ಕ್ಯಾಮೆರಾದಲ್ಲಿ ಕಾಣಬೇಕಾದರೆ ಸಾಮಾನ್ಯವಾಗಿ 2–3 ಮೀಟರ್ ಹಿಂದೆ ಸರಿಯಬೇಕು. ಅಷ್ಟು ದೂರಕ್ಕೆ ಫೋನಿನ ಪರದೆಯ ಮೇಲಿನ ಚಿತ್ರ ಮಸುಕಾಗಿ ಕಾಣುತ್ತದೆ, ಧ್ವನಿಯೂ ಕ್ಷೀಣಿಸುತ್ತದೆ. ವಯೋಸಹಜ ಶ್ರವಣದೋಷದಲ್ಲಿ ಮೊದಲು ಕುಂದುವುದು ಅಧಿಕ ಆವರ್ತನದ ಧ್ವನಿಗಳ ಗ್ರಹಿಕೆ. ‘ಸ’, ‘ಶ’ದಂಥ ವ್ಯಂಜನಗಳ ಸ್ಪಷ್ಟತೆ ಅಲ್ಲಿಯೇ ಅಡಗಿರುವುದರಿಂದ ಮಾತು ಕಿವಿಗೆ ಬಿದ್ದರೂ ಪದಗಳು ಬಿಡಿಬಿಡಿಯಾಗಿ ತಿಳಿಯುವುದಿಲ್ಲ. ತುಟಿ ನೋಡಿ ಗ್ರಹಿಸೋಣವೆಂದರೆ ನೆಟ್‌ವರ್ಕ್ ದುರ್ಬಲವಾದಾಗ ಚಿತ್ರ ಒಂದೆಡೆ, ಧ್ವನಿ ಇನ್ನೊಂದೆಡೆ. ಕೇಳಿಸಲೆಂದು ಹತ್ತಿರ ಬಂದರೆ ಕಾಲುಗಳು ಚೌಕಟ್ಟಿನಿಂದ ಹೊರಬೀಳುತ್ತವೆ. ಮಂಡಿ ಒಳಕ್ಕೆ ವಾಲುತ್ತಿದೆಯೇ, ಭಾರವೆಲ್ಲ ಒಂದೇ ಕಾಲಿನ ಮೇಲಿದೆಯೇ ಎಂಬುದು ಚಿಕಿತ್ಸಕರಿಗೆ ಕಾಣದು. ನನ್ನ ದೃಷ್ಟಿಯಲ್ಲಿ ಮೂಲ ತೊಡಕು ಈ ಅಂತರದ್ದೇ. ಕರೆಯನ್ನು ಟಿವಿಗೆ ಜೋಡಿಸಿ, ಕುರ್ಚಿಯ ಪಕ್ಕದಲ್ಲೊಂದು ಸ್ಪೀಕರ್ ಇಟ್ಟರೆ ಇದು ಬಹುಮಟ್ಟಿಗೆ ಬಗೆಹರಿಯುತ್ತದೆ.

ಸ್ಪರ್ಶದ ಕೊರತೆಗೆ ಇಂಥ ಸುಲಭ ಪರಿಹಾರವಿಲ್ಲ. ಸ್ನಾಯುವಿನ ಬಿಗಿತವನ್ನು ಅಳೆಯಲು, ಕೈಯಿಂದ ಪ್ರತಿರೋಧ ಒಡ್ಡಿ ಬಲ ಪರೀಕ್ಷಿಸಲು ಚಿಕಿತ್ಸಕರು ಎದುರಿಗಿರಲೇಬೇಕು. ದೇಹದ ಸಮತೋಲನವನ್ನು ಅಳೆಯುವ ‘ಬರ್ಗ್ ಸಮತೋಲನ ಮಾಪನ’ ಎಂಬ ಪರೀಕ್ಷೆಯ 14 ಚಟುವಟಿಕೆಗಳಲ್ಲಿ ಒಂಟಿಕಾಲಿನಲ್ಲಿ ನಿಲ್ಲುವುದೂ ಸೇರಿದೆ. ವಾಲಿದರೆ ಹಿಡಿಯಲು ಪಕ್ಕದಲ್ಲಿ ಯಾರೂ ಇಲ್ಲದಾಗ ಅದನ್ನು ಮಾಡಿಸುವುದು ಅಪಾಯಕರ. ಹೀಗಾಗಿ ಚಿಕಿತ್ಸಕರು ಕುಳಿತು ಮಾಡುವ ಹಗುರ ವ್ಯಾಯಾಮಗಳಲ್ಲೇ ಉಳಿದುಬಿಡುವ ಸಂಭವವಿದೆ. ಸಮತೋಲನ ಸುಧಾರಿಸಬೇಕಾದರೆ ಅದಕ್ಕೆ ಸವಾಲೊಡ್ಡುವ ಚಲನೆಗಳೇ ಬೇಕು. ಆದ್ದರಿಂದ ಹಾಜರಾತಿ ಪೂರ್ತಿಯಿದ್ದರೂ ಪ್ರಗತಿ ಕಾಣದಿರಬಹುದು. ಮನೆಯವರೊಬ್ಬರನ್ನು ಜೊತೆಗೆ ನಿಲ್ಲಿಸಿದರೆ ಈ ಸಮಸ್ಯೆ ತಗ್ಗುತ್ತದೆ, ಆದರೆ ಆಗ ಚಿಕಿತ್ಸೆಯ ವೇಳೆ ಅವರ ಬಿಡುವಿಗೆ ಕಟ್ಟುಬೀಳುತ್ತದೆ.

ಇನ್ನು ಒಣಗಿದ ಬೆರಳತುದಿಗೆ ಟಚ್‌ಸ್ಕ್ರೀನ್ ಸರಿಯಾಗಿ ಸ್ಪಂದಿಸದಿರುವುದು, ಕೈನಡುಕ, ಪಾಸ್‌ವರ್ಡ್ ಮರೆವು ಎಲ್ಲರಿಗೂ ಗೊತ್ತಿರುವಂಥವು. ಒಂದೇ ಗುಂಡಿಯಲ್ಲಿ ಕರೆ ಕೂಡುವ ವ್ಯವಸ್ಥೆಯಿದ್ದರೆ ಇವು ತಗ್ಗುತ್ತವೆ. ಅದಕ್ಕಿಂತ ಮುಖ್ಯವಾಗಿ, ನಿಂತು ಮಾಡುವ ವ್ಯಾಯಾಮ ಆರಂಭಿಸುವ ಮೊದಲೇ ರೋಗಿ ಇರುವ ವಿಳಾಸವನ್ನೂ ಹತ್ತಿರದವರೊಬ್ಬರ ದೂರವಾಣಿ ಸಂಖ್ಯೆಯನ್ನೂ ಚಿಕಿತ್ಸಕರು ಬರೆದಿಟ್ಟುಕೊಳ್ಳಬೇಕು ಮತ್ತು ಕರೆ ಕಡಿದರೆ ರೋಗಿ ಮೊದಲು ಕುಳಿತುಕೊಳ್ಳಬೇಕೆಂದು ತಿಳಿಸಿರಬೇಕು.