ಸಾರ್ಕೋಮಾ ಗ್ರೇಡಿಂಗ್‌ನಲ್ಲಿ ಕೆಐ-67 ಎಲ್ಲಿ ಕೂರುತ್ತೆ

ಕೋಲಾರದಲ್ಲಿ ಪ್ಯಾಥಾಲಜಿ ಪಿಜಿ ಮಾಡ್ತಿರೋ ಜೂನಿಯರ್ಸ್ ಪದೇ ಪದೇ ಕೇಳೋದು ಇದನ್ನೇ, ಸಾರ್ಕೋಮಾದಲ್ಲಿ (ಸ್ನಾಯು, ಕೊಬ್ಬು, ಮೂಳೆ ಥರದ ಟಿಶ್ಯೂಲಿ ಹುಟ್ಟೋ ಕ್ಯಾನ್ಸರ್) ಕೆಐ-67, ಅಂದ್ರೆ ಬೆಳೀತಿರೋ ಸೆಲ್‌ಗಳಲ್ಲಿ ಕಾಣೋ ಪ್ರೋಟೀನ್, ಅದರ ಪರ್ಸೆಂಟ್ ಬಂದ್ಮೇಲೆ ಅದನ್ನ ನೋಡೇ ಗ್ರೇಡ್ (ಗಡ್ಡೆ ಎಷ್ಟು ಉಗ್ರ ಅನ್ನೋ ಅಳತೆ) ಹಾಕ್ಬಹುದಲ್ವಾ ಅಂತ. ಹಾಕಂಗಿಲ್ಲ ಕಣ್ರಪ್ಪಾ. ನಾವು ಬಳಸೋ ಫ್ರೆಂಚ್ ಪದ್ಧತಿ, ಎಫ್‌ಎನ್‌ಸಿಎಲ್‌ಸಿಸಿಲಿ ನೋಡೋದು ಮೂರೇ: ಡಿಫರೆನ್ಸಿಯೇಷನ್‌ಗೆ (ಸೆಲ್‌ಗಳು ಮಾಮೂಲಿ ಟಿಶ್ಯೂನ ಎಷ್ಟು ಹೋಲುತ್ವೆ ಅನ್ನೋದು) 1ರಿಂದ 3, ಮೈಟೋಸಿಸ್‌ಗೆ (ಎರಡಾಗಿ ಒಡೀತಿರೋ ಸೆಲ್) 1ರಿಂದ 3, ನೆಕ್ರೋಸಿಸ್‌ಗೆ (ಸತ್ತ ಟಿಶ್ಯೂ) 0ಯಿಂದ 2. ಕೂಡಿದಾಗ 2-3 ಬಂದ್ರೆ ಗ್ರೇಡ್ 1, 4-5 ಆದ್ರೆ 2, 6-8 ಆದ್ರೆ 3.

ಮತ್ಯಾಕೆ ಕೆಐ-67 ಥರದ ಮಾರ್ಕರ್ ಹಾಕ್ತೀವಿ ಅಂದ್ರೆ, ಗಲಾಟೆ ಎಲ್ಲಾ ಮೈಟೋಸಿಸ್ ಎಣಿಸೋದ್ರಲ್ಲೇ ಇರೋದು. 10 ಹೈ ಪವರ್ ಫೀಲ್ಡಲ್ಲಿ (ಮೈಕ್ರೋಸ್ಕೋಪಲ್ಲಿ ದೊಡ್ಡದು ಮಾಡಿ ನೋಡೋ ಜಾಗ) 9 ಇದ್ರೆ ಸ್ಕೋರ್ 1, 10 ಆದ್ರೆ 2, 20 ಮುಟ್ಟಿದ್ರೆ 3, ಒಂದು ಪಿಕ್ನೋಟಿಕ್, ಅಂದ್ರೆ ಸಾಯ್ತಾ ಕುಗ್ಗಿ ಕಪ್ಪಾದ ನ್ಯೂಕ್ಲಿಯಸ್‌ನ ಮೈಟೋಸಿಸ್ ಅಂತ ಎಣಿಸ್ಬಿಟ್ರೆ ಸ್ಕೋರ್ ಏರ್ಬಿಡುತ್ತೆ, ಕೆಲವು ಸಲ ಗ್ರೇಡೂ ಏರುತ್ತೆ, ಅದರ ಮೇಲೆ ಪೇಶೆಂಟ್‌ಗೆ ಕೀಮೋ ಕೊಡೋ ಮಾತು ಬರುತ್ತೆ. ಸ್ಪೆಸಿಮನ್ ಫಾರ್ಮಲಿನ್‌ಗೆ ಲೇಟಾಗಿ ಬಿದ್ರೆ ಮೈಟೋಸಿಸ್ ಗುರುತಿಸೋದೇ ಕಷ್ಟ. ಇಂಥಾ ಕಡೆ ಫಾಸ್ಫೊ ಹಿಸ್ಟೋನ್ ಎಚ್3 ಅನ್ನೋ ಮಾರ್ಕರ್ ನಂಗೆ ತುಂಬಾ ಇಷ್ಟ, ಸಾಯ್ತಿರೋ ಸೆಲ್‌ನ ಬಿಟ್ಟು ಮೈಟೋಸಿಸನ್ನೇ ಎತ್ತಿ ತೋರಿಸುತ್ತೆ.

ಕೆಐ-67 ಬೇರೆ ಲೆಕ್ಕ. ನಮ್ಮ ಟೊಮೇಟೊ ಮಂಡಿಲಿ ಗೇಟ್ ದಾಟ್ತಿರೋ ಲಾರಿ ಮಾತ್ರ ಎಣಿಸಿದ್ರೆ ಅದು ಮೈಟೋಸಿಸ್, ಒಳಗೆ ಇಂಜಿನ್ ಆನ್ ಇರೋ ಲಾರಿ ಎಲ್ಲಾ ಎಣಿಸಿದ್ರೆ ಅದು ಕೆಐ-67. ಸೆಲ್ ಒಡೆಯೋ ಚಕ್ರದ (ಸೆಲ್ ಸೈಕಲ್) ಹಂತಗಳಾದ ಜಿ1, ಎಸ್, ಜಿ2, ಎಂ ಎಲ್ಲದರಲ್ಲೂ ಬರುತ್ತೆ, ಸೆಲ್ ಸುಮ್ನಿರೋ ಜಿ0ಲಿ ಬರಲ್ಲ. ಪಿಸಿಎನ್‌ಎ ಅನ್ನೋ ಇನ್ನೊಂದು ಮಾರ್ಕರ್ ಡಿಎನ್‌ಎ ರಿಪೇರಿ ನಡೀವಾಗ್ಲೂ ಇರುತ್ತೆ, ಸೆಲ್ ಸೈಕಲ್ ಬಿಟ್ಮೇಲೂ ಬೇಗ ಹೋಗಲ್ಲ, ಅದಕ್ಕೇ ನಾನು ಅದನ್ನ ಅಷ್ಟು ನಂಬಲ್ಲ. ಆಗ್‌ನಾರ್‌ಗೆ (ನ್ಯೂಕ್ಲಿಯಸ್ ಒಳಗೆ ಬೆಳ್ಳಿ ಹಿಡಿದು ಕಪ್ಪು ಚುಕ್ಕಿಯಾಗಿ ಕಾಣೋ ಜಾಗ ತೋರಿಸೋ ಸ್ಟೇನ್) ಸಿಲ್ವರ್ ನೈಟ್ರೇಟ್, ಜೆಲಟಿನ್, ಫಾರ್ಮಿಕ್ ಆಸಿಡ್ ಸಾಕು, ಖರ್ಚು ಕಮ್ಮಿ, ಆದ್ರೆ ಚುಕ್ಕಿ ಎಣಿಸೋದು ಒಬ್ಬೊಬ್ಬರದ್ದು ಒಂದೊಂದು ಥರ.

ಇದನ್ನ ಮಾತ್ರ ಮರೀಬೇಡಿ: ನೋಡ್ಯುಲರ್ ಫಾಸೈಟಿಸ್ ಅನ್ನೋ ಗಂಟಲ್ಲಿ ಮೈಟೋಸಿಸ್ ಸಿಕ್ಕಾಪಟ್ಟೆ, ಕೆಐ-67ನೂ ಜಾಸ್ತಿನೇ, ಆದ್ರೂ ಅದು ಬಿನೈನ್, ಅಂದ್ರೆ ಕ್ಯಾನ್ಸರ್ ಅಲ್ಲ, ಎಷ್ಟೋ ಸಲ ತಾನಾಗೇ ಕರಗುತ್ತೆ. ಕೆಐ-67 ನಂಬರ್ ನೋಡಿ ಸಾರ್ಕೋಮಾ ಅಂದ್ಬಿಟ್ರೆ ಯಾರದೋ ಕೈಗೆ ಸುಮ್ನೆ ದೊಡ್ಡ ಆಪರೇಷನ್ ಆಗೋಗುತ್ತೆ. ಮೊದಲು ಯಾವ ಟ್ಯೂಮರ್ ಅಂತ ಗೊತ್ತಾಗ್ಬೇಕು, ಆಮೇಲೆ ಗ್ರೇಡ್. ಯೂಯಿಂಗ್ ಸಾರ್ಕೋಮಾ ಆದ್ರೆ ಎಣಿಸೋದೇ ಬೇಡ, ಅದು ಯಾವತ್ತೂ ಹೈ ಗ್ರೇಡೇ. ಕೀಮೋ, ರೇಡಿಯೇಷನ್ ಆದ್ಮೇಲೆ ತೆಗೆದ ಗಡ್ಡೆಗೂ ಗ್ರೇಡ್ ಹಾಕೋ ಹಾಗಿಲ್ಲ.

ನೀಡಲ್ ಬಯಾಪ್ಸಿಲಿ ಕೆಐ-67 ನಿಜಕ್ಕೂ ಕೈ ಹಿಡಿಯುತ್ತೆ. ಚೂರು ಟಿಶ್ಯೂ, 10 ಫೀಲ್ಡ್ ಸಿಗೋದೇ ಡೌಟು, ನೆಕ್ರೋಸಿಸ್ ಇರೋ ಜಾಗಕ್ಕೆ ಸೂಜಿ ಹೋಗೇ ಇರಲ್ಲ. ಎಚ್ ಅಂಡ್ ಈಲಿ (ಪ್ಯಾಥಾಲಜಿಲಿ ಮಾಮೂಲಿಯಾಗಿ ಹಾಕೋ ಬಣ್ಣ) ಗ್ರೇಡ್ 1 ಥರ ಕಂಡು ಕೆಐ-67 ತುಂಬಾ ಜಾಸ್ತಿ ಬಂದ್ರೆ ಎಂಆರ್‌ಐ ತರಿಸಿ ನೋಡಿ, ಸರ್ಜನ್ ಹತ್ರ ಮಾತಾಡಿ, ರಿಪೋರ್ಟಲ್ಲಿ ಅದನ್ನ ಸ್ಕೋರ್‌ಗೆ ಸೇರಿಸ್ದೆ ಕಾಮೆಂಟಲ್ಲಿ ಬೇರೆ ಸಾಲಾಗಿ ಬರೀರಿ.