ಹಳೆಯ ಫೋಟೋದ ಒಲೆಯಲ್ಲಿ ಬೆಂಕಿ ಯಾಕೆ ಕಾಣುವುದಿಲ್ಲ?

1870ರ ದಶಕದ ಆಸ್ಟ್ರೇಲಿಯಾದ ಕಾಡುಬಿಡಾರಗಳ ಫೋಟೋಗಳನ್ನು ನೋಡಿ. ಟೋಪಿ ಹಾಕಿದ ಗಂಡಸರು ದಿಮ್ಮಿಯ ಮೇಲೆ ಕೂತಿದ್ದಾರೆ. ಹಿಂದೆ ಮರದ ತೊಗಟೆ ಹೊದಿಸಿದ ಗುಡಿಸಲು. ಮುಂದೆ ಕೋಲಿಗೆ ನೇತುಹಾಕಿದ ತಗಡಿನ ಡಬ್ಬಿ. ಅದಕ್ಕೆ ಅಲ್ಲಿ ಬಿಲ್ಲಿ ಅನ್ನುತ್ತಾರೆ, ಚಹಾ ಕುದಿಯುವುದು ಅದರಲ್ಲೇ. ಡಬ್ಬಿಯ ಕೆಳಗೆ ಬೆಂಕಿ ಇರಬೇಕು, ಅಲ್ವಾ? ಬೂದಿ ಕಾಣುತ್ತದೆ, ಕರಿ ಕೊಳ್ಳಿ ಕಾಣುತ್ತದೆ, ಹೆಚ್ಚೆಂದರೆ ಮಸುಕಾದ ಬಿಳಿ ಹೊಗೆ ಕಾಣುತ್ತದೆ. ಉರಿ ಮಾತ್ರ ಕಾಣುವುದಿಲ್ಲ.

ಬೆಂಕಿ ಉರಿಯುತ್ತಲೇ ಇತ್ತು. ಆಗ ಫೋಟೋ ಮೂಡುತ್ತಿದ್ದ ಗಾಜಿನ ಪ್ಲೇಟಿಗೆ ಅದನ್ನು ಹಿಡಿಯಲು ಆಗುತ್ತಿರಲಿಲ್ಲ.

ಆ ಕಾಲದ ಫೋಟೋ ಹುಟ್ಟುತ್ತಿದ್ದದ್ದು ಬೆಳ್ಳಿಯ ಲವಣಗಳಿಂದ. ಬೆಳಕಿನ ಕಣ, ಅಂದರೆ ಫೋಟಾನ್, ಲವಣದ ಹರಳಿಗೆ ಬಡಿದಾಗ ಒಂದು ಎಲೆಕ್ಟ್ರಾನ್ ಕಳಚಿಕೊಳ್ಳುತ್ತದೆ. ಅದನ್ನು ಪಡೆದ ಬೆಳ್ಳಿಯ ಅಯಾನು ಲೋಹವಾಗುತ್ತದೆ. ಹಾಗೆ ಕಳಚಲು ಒಂದಿಷ್ಟು ಶಕ್ತಿ ಬೇಕೇ ಬೇಕು. ನೀಲಿ, ನೇರಳೆ, ಅತಿನೇರಳೆ ಫೋಟಾನ್‌ಗಳಲ್ಲಿ ಅದು ಇದೆ. ಕೆಂಪಿನಲ್ಲಿ ಇಲ್ಲ. ಎಷ್ಟು ಜಾಸ್ತಿ ಕೆಂಪು ಬೆಳಕು ಸುರಿದರೂ ಪ್ಲೇಟು ಸುಮ್ನೆ ಇರುತ್ತದೆ. 800 ಡಿಗ್ರಿ ಸೆಲ್ಸಿಯಸ್ಸಿನ ಕೆಂಡ ಸೂಸುವುದು ಬಹುಪಾಲು ಇನ್‌ಫ್ರಾರೆಡ್ ಕಿರಣ, ಉಳಿದದ್ದರಲ್ಲಿ ಹೆಚ್ಚಿನದು ಕೆಂಪು. ನಡುಹಗಲ ಬಿಸಿಲಿನ ನೀಲಿಯ ಮುಂದೆ ಅದರ ಗುರುತೇ ಉಳಿಯುವುದಿಲ್ಲ. ಚಿನ್ನ ಅಗೆಯುವವರ ಕೆಂಪು ಅಂಗಿ ಕಪ್ಪಾಗಿ, ನೀಲಿ ಆಕಾಶ ಬಿಳಿಯಾಗಿ ಬಂದಿರುವುದಕ್ಕೂ ಇದೇ ಕಾರಣ. ಲವಣಕ್ಕೆ ಬಣ್ಣದ ಪದಾರ್ಥ ಬೆರೆಸಿದರೆ ಅದು ಹಸಿರನ್ನೂ ಹಿಡಿಯುತ್ತದೆ ಎಂದು ಜರ್ಮನಿಯ ಹರ್ಮನ್ ಫೋಗೆಲ್ 1873ರಲ್ಲಿ ಕಂಡುಕೊಂಡರು. ಕೆಂಪನ್ನೂ ಹಿಡಿಯುವ ಪ್ಲೇಟುಗಳು ಅಂಗಡಿಗೆ ಬಂದದ್ದು 1906ರಲ್ಲಿ.

ಬಣ್ಣದ ಜೊತೆ ಸಮಯದ ತೊಂದರೆಯೂ ಇತ್ತು. ಬಾಫೋಯ್ ಮರ್ಲಿನ್ ಮತ್ತು ಚಾರ್ಲ್ಸ್ ಬೇಲಿಸ್ 1872ರಲ್ಲಿ ನ್ಯೂ ಸೌತ್ ವೇಲ್ಸ್‌ನ ಹಿಲ್ ಎಂಡ್, ಗುಲ್ಗಾಂಗ್ ಎಂಬ ಚಿನ್ನದೂರುಗಳಲ್ಲಿ ಮನೆಮನೆ, ಅಂಗಡಿಅಂಗಡಿ ಫೋಟೋ ತೆಗೆದರು. ಅವರದು ಒದ್ದೆ ಕೊಲೋಡಿಯನ್ ವಿಧಾನ. ಗಾಜಿಗೆ ಅಂಟು ಹಚ್ಚಿ, ಸಿಲ್ವರ್ ನೈಟ್ರೇಟ್‌ನಲ್ಲಿ ಅದ್ದಿ, ಒಣಗುವ ಮೊದಲೇ ಫೋಟೋ ತೆಗೆದು ತೊಳೆದು ಮುಗಿಸಬೇಕು. ಸಿಗುತ್ತಿದ್ದದ್ದು ಹತ್ತು ಹದಿನೈದು ನಿಮಿಷ, ಬಿಸಿಲೂರಿನಲ್ಲಿ ಅದಕ್ಕಿಂತ ಕಡಿಮೆ. ಬೆಳಕು ಬೀಳಲು ಕೆಲವು ಸೆಕೆಂಡು ಬೇಕಿತ್ತು. ಅಷ್ಟು ಹೊತ್ತು ಮಿಸುಕದೆ ನಿಂತವರು ಸ್ಪಷ್ಟ. ನಾಯಿ, ಮಕ್ಕಳು ಮಬ್ಬು. ಹೊಗೆ ಬರೀ ಮಸುಕು. ಅವರ ಸುಮಾರು 3,500 ಪ್ಲೇಟುಗಳು 1951ರಲ್ಲಿ ಸಿಡ್ನಿಯ ಒಂದು ಹಿತ್ತಲ ಶೆಡ್ಡಿನಲ್ಲಿ ಸಿಕ್ಕವು. ಈಗ ಅವು ರಾಜ್ಯ ಗ್ರಂಥಾಲಯದಲ್ಲಿವೆ.

ಹಾಗಾಗಿ ಈ ಫೋಟೋಗಳಲ್ಲಿ ಉಳಿದಿರುವುದು ಅಲುಗಾಡದ ಪಾತ್ರೆಗಳು. ಅಡುಗೆಯೋ, ಉರಿಯಿಂದ ಮತ್ತು ಚಲನೆಯಿಂದ ಆಗುವ ಕೆಲಸ. ಅದನ್ನು ನಾವೇ ಊಹಿಸಿಕೊಂಡು ತುಂಬಬೇಕು. ನನಗೆ ಇದರಲ್ಲಿ ತುಂಬ ಖುಷಿ ಇದೆ.

ಮೂರು ಕಾಲಿನ ಎರಕದ ಕಬ್ಬಿಣದ ಪಾತ್ರೆ ಕಂಡರೆ ಅದರ ಮುಚ್ಚಳವನ್ನು ನೋಡಿ. ಅದು ಚಪ್ಪಟೆ. ಯಾಕೆಂದರೆ ಕೆಂಡವನ್ನು ಮೇಲೂ ಹರಡುತ್ತಿದ್ದರು. ಕೆಳಗಿನ ಕಾವು ಮಾತ್ರ ಇದ್ದರೆ ರೊಟ್ಟಿಯ ತಳ ಸೀಯುತ್ತದೆ, ನೆತ್ತಿ ಹಸಿ ಉಳಿಯುತ್ತದೆ. ಕಾದ ಮುಚ್ಚಳ ಮೇಲಿನಿಂದ ಶಾಖ ಸೂಸಿ ಅದನ್ನೂ ಬೇಯಿಸುತ್ತದೆ. ದಪ್ಪ ಕಬ್ಬಿಣ ನಿಧಾನಕ್ಕೆ ಕಾದು ನಿಧಾನಕ್ಕೆ ಆರುವುದರಿಂದ ಬೆಂಕಿಯ ಏರಿಳಿತ ಒಳಗೆ ಅಷ್ಟಾಗಿ ತಟ್ಟುವುದಿಲ್ಲ. ಸೌದೆಯೂ ಒಳ್ಳೆಯದೇ. ನಾವು ನೀಲಗಿರಿ ಅನ್ನುವ ಮರದ ತವರು ಆಸ್ಟ್ರೇಲಿಯಾ. ಅದರ ಗಟ್ಟಿ ಜಾತಿಗಳ ಕೆಂಡ ಬಹಳ ಹೊತ್ತು ನಿಲ್ಲುತ್ತದೆ.

ಪಾತ್ರೆ ಇಲ್ಲದವರು ಬೂದಿಯಲ್ಲೇ ಸುಡುತ್ತಿದ್ದರು. ಗೋಧಿಹಿಟ್ಟು, ನೀರು, ಉಪ್ಪು ಕಲಸಿ ದಪ್ಪಗೆ ತಟ್ಟಿದ ಡ್ಯಾಂಪರ್ ರೊಟ್ಟಿಯನ್ನು ಬಿಸಿ ಬೂದಿಯಲ್ಲಿ ಹೂಳುತ್ತಿದ್ದರು, ನಾವು ಗೆಣಸು ಸುಡುವ ಹಾಗೆ. ಬೂದಿಯ ಕಣಗಳ ನಡುವೆ ಗಾಳಿ ಸಿಕ್ಕಿಕೊಂಡಿರುತ್ತದೆ, ಅದು ಶಾಖವನ್ನು ತಡೆದು ತಡೆದು ಬಿಡುತ್ತದೆ. ಬರೀ ಕೆಂಡಕ್ಕೆ ಹಾಕಿದರೆ ಹೊರಗೆ ಇದ್ದಿಲು, ಒಳಗೆ ಹಸಿಹಿಟ್ಟು. ಬೆಂದಿದೆಯಾ ಎಂದು ತಿಳಿಯಲು ಬೆರಳಿನಿಂದ ತಟ್ಟುತ್ತಿದ್ದರು. ನೀರು ಆರಿ ಒಳಗೆ ಗಾಳಿಗೂಡು ಆಗಿದ್ದರೆ ಟೊಳ್ಳು ಸದ್ದು ಬರುತ್ತದೆ.

ಇನ್ನು ಚಹಾ. ಸೊಪ್ಪು ತಳ ಸೇರಲಿ ಎಂದು ಕುದಿದ ಬಿಲ್ಲಿಯನ್ನು ಹಿಡಿಕೆ ಹಿಡಿದು ತಲೆಯ ಮೇಲಿಂದ ಗಿರಗಿರ ತಿರುಗಿಸುತ್ತಿದ್ದರು. ಕೈ, ಡಬ್ಬಿ ಸೇರಿ 70 ಸೆಂಟಿಮೀಟರ್ ಇದ್ದರೆ, ಒಂದು ಸುತ್ತು ಸುಮಾರು 1.7 ಸೆಕೆಂಡಿನೊಳಗೆ ಮುಗಿಯಬೇಕು. ನಿಧಾನವಾದರೆ ಕುದಿಯುವ ನೀರು ಮೈಮೇಲೆ. ಒದ್ದೆ ಪ್ಲೇಟಿನಲ್ಲಿ ಈ ತಿರುವು ಸಿಗುವುದು ಸಾಧ್ಯವೇ ಇರಲಿಲ್ಲ.

ಕೂಲಿಯಾಳಿಗೆ ವಾರಕ್ಕೆ ಸಿಗುತ್ತಿದ್ದ ಪಡಿ ಸುಮಾರು ನಾಲ್ಕೂವರೆ ಕಿಲೋ ಮಾಂಸ, ಹೆಚ್ಚುಕಡಿಮೆ ಅಷ್ಟೇ ಹಿಟ್ಟು, 900 ಗ್ರಾಂ ಸಕ್ಕರೆ, 110 ಗ್ರಾಂ ಚಹಾ. ಹೊಟ್ಟೆ ತುಂಬುತ್ತಿತ್ತು, ಆದರೆ ವಿಟಮಿನ್ ಸಿ ಎಲ್ಲಿಂದ ಬರಬೇಕು? ಮೈಮೇಲೆ ಮಾಯದ ಹುಣ್ಣುಗಳು ಏಳುತ್ತಿದ್ದವು. ಕ್ವೀನ್ಸ್‌ಲ್ಯಾಂಡ್‌ನ ನದಿಯೊಂದರ ಹೆಸರಿನಲ್ಲಿ ಅವಕ್ಕೆ ಬಾರ್ಕೂ ಹುಣ್ಣು ಎಂದರು. ತಿಳಿದವರು ನೆಲಕ್ಕೆ ಹರಡಿದ ಒಂದು ಸೊಪ್ಪನ್ನು ಕಿತ್ತು ತಿನ್ನುತ್ತಿದ್ದರು. ಅದು ನಮ್ಮ ಗೋಣಿಸೊಪ್ಪು, ಅದೇ ಗಿಡ. ಅಲ್ಲಿನ ಮೂಲನಿವಾಸಿಗಳು ಅದರ ಪುಟ್ಟ ಬೀಜವನ್ನೂ ಕೂಡಿಸಿ ಬೀಸಿ ತಿನ್ನುತ್ತಿದ್ದರು.

ಈ ತಿಳಿವಳಿಕೆ ಇದ್ದವರನ್ನು ಕ್ಯಾಮೆರಾ ಹೇಗೆ ನೋಡಿತು ಎನ್ನುವುದು ನೋವಿನ ವಿಷಯ. ಗ್ರಾಫ್ಟನ್ ಊರಿನಲ್ಲಿ ಜೆ.ಡಬ್ಲ್ಯು. ಲಿಂಟ್ ಎಂಬ ಫೋಟೋಗ್ರಾಫರ್ 1873ರ ಸುಮಾರಿಗೆ ಗುಂಬೈಂಗಿರ್ ಮತ್ತು ಬುಂಜಲುಂಗ್ ಜನರನ್ನು ಸ್ಟುಡಿಯೊದೊಳಗೆ ಕೂರಿಸಿದರು. ಹಿಂದೆ ಚಿತ್ರ ಬರೆದ ಪರದೆ, ಸುತ್ತ ತಂದಿಟ್ಟ ಗಿಡಗಳು. ಹೆಚ್ಚಿನವರ ಹೆಸರನ್ನೂ ಬರೆದಿಡಲಿಲ್ಲ. ಅವರ ಒಲೆ, ಅವರ ಅಡುಗೆ ಅಲ್ಲಿಲ್ಲ.

ಆ ಅಡುಗೆ ಗೊತ್ತಿಲ್ಲದೆ ಇದ್ದದ್ದಕ್ಕೆ ಜೀವವೇ ಹೋದದ್ದುಂಟು. ಖಂಡವನ್ನು ದಾಟಿ ಬಂದ ಅನ್ವೇಷಕರಾದ ಬರ್ಕ್ ಮತ್ತು ವಿಲ್ಸ್ 1861ರಲ್ಲಿ ಕೂಪರ್ ಕ್ರೀಕ್ ಬಳಿ ಸಿಕ್ಕಿಬಿದ್ದರು. ನಾರ್ಡೂ ಎಂಬ ಜರೀಗಿಡದ ಬೀಜದಂಥ ಕಾಯಿಯನ್ನು ಬೀಸಿ ದಿನವೂ ಹೊಟ್ಟೆ ತುಂಬ ತಿಂದರು. ತಿಂದಷ್ಟೂ ಸೊರಗಿದರು. ನಾರ್ಡೂವಿನಲ್ಲಿ ಥಯಾಮಿನೇಸ್ ಎಂಬ ಕಿಣ್ವವಿದೆ, ಅದು ದೇಹಕ್ಕೆ ಬೇಕಾದ ವಿಟಮಿನ್ ಬಿ1 ಅನ್ನು ಒಡೆದುಹಾಕುತ್ತದೆ. ಅಲ್ಲಿನ ಯಾಂಡ್ರುವಂಡ ಜನ ಕಾಯಿಯನ್ನು ಮೊದಲು ಬಿಸಿ ಬೂದಿಯಲ್ಲಿ ಹುರಿದು, ನೀರು ಹಾಕಿ ಅರೆಯುತ್ತಿದ್ದರು. ಹೀಗೆ ಮಾಡಿದರೆ ಕಿಣ್ವದ ಕಾಟ ತಗ್ಗುತ್ತದೆ. ಬರ್ಕ್, ವಿಲ್ಸ್ ಇಬ್ಬರೂ ಸತ್ತರು. ಜೊತೆಗಿದ್ದ ಜಾನ್ ಕಿಂಗ್ ಬದುಕಿದ. ಸೆಪ್ಟೆಂಬರಿನಲ್ಲಿ ಹುಡುಕುವ ತಂಡ ಬರುವವರೆಗೂ ಯಾಂಡ್ರುವಂಡ ಜನ ಅವನಿಗೆ ಉಣಿಸಿ ಸಾಕಿದ್ದರು.

ಬಿಡಾರದ ಫೋಟೋ ನೋಡುವವರು ಅದರ ಪಕ್ಕದಲ್ಲೇ ಈ ಜನರ ಬೀಸುವ ಕಲ್ಲುಗಳನ್ನೂ ನೋಡಬೇಕು ಅಂತ ನನ್ನ ಆಸೆ. ನ್ಯೂ ಸೌತ್ ವೇಲ್ಸ್‌ನ ಕಡ್ಡಿ ಸ್ಪ್ರಿಂಗ್ಸ್‌ನಲ್ಲಿ ಸಿಕ್ಕ ಅಂಥ ಕಲ್ಲುಗಳಿಗೆ ಸುಮಾರು 30,000 ವರ್ಷ.